ಪೋಲೆ ಪೋಲೆ

ಟಾಂಗಾ ಪೇಟೆಯ ನಡುಬೀದಿಯಲ್ಲಿ ನಾನು ಬಿದ್ದದ್ದಕ್ಕೆ ಕಾರಣ ಮಂಗಳೂರು ಹಂಚು.

ಸುಳ್ಳಲ್ಲ. ಏಪ್ರಿಲ್ ತಿಂಗಳು, ಅಲ್ಲಿ ಜೋರು ಮಳೆಗಾಲ. ಟಾಂಜಾನಿಯಾದ ಆ ಕರಾವಳಿ ಊರಿಗೆ ನಾನು ಹೋಗಿ ಮೂರೇ ದಿನ ಆಗಿತ್ತು. ಹಳೆಯ ಕಟ್ಟಡವೊಂದರ ಮಾಡು ಕಣ್ಣಿಗೆ ಬಿತ್ತು. ಅದೇ ಕೆಂಪು, ಅದೇ ಏಣು, ಅದೇ ಪಾಚಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಹಂಚು ಹಡಗು ಹತ್ತಿ ಪೂರ್ವ ಆಫ್ರಿಕಾದ ತನಕ ಹೋಗುತ್ತಿತ್ತು ಅಂತ ಓದಿದ್ದೆ. ಕಣ್ಣಾರೆ ಕಂಡಾಗ ಊರಿನವರೇ ಸಿಕ್ಕಷ್ಟು ಖುಷಿಯಾಯಿತು. ಸರಿಯಾಗಿ ನೋಡೋಣ ಅಂತ ಕತ್ತೆತ್ತಿ ಎರಡು ಹೆಜ್ಜೆ ಹಿಂದೆ ಸರಿದೆ. ಮೂರನೆಯ ಹೆಜ್ಜೆ ಚರಂಡಿಯಲ್ಲಿತ್ತು.

ಕಣ್ಣು ಬಿಡುವಷ್ಟರಲ್ಲಿ ಸುತ್ತ ಜನ. ಈರುಳ್ಳಿ ಮಾರುವ ಹೆಂಗಸು, ಸೈಕಲ್ ರಿಪೇರಿಯವನು, ಶಾಲೆಗೆ ಹೊರಟ ಮಕ್ಕಳು. ಎಲ್ಲರ ಬಾಯಲ್ಲೂ ಒಂದೇ ಮಾತು: "ಪೋಲೆ! ಪೋಲೆ! ಪೋಲೆ ಸಾನಾ!"

ನಾನು ಉಡುಪಿಯವನು. ಬರೆಯುವುದು ಕನ್ನಡ, ಮನೆಯಲ್ಲಿ ಆಡುವುದು ತುಳು. ತುಳುವಿನಲ್ಲಿ 'ಬಲೆ' ಅಂದರೆ ಬನ್ನಿ, 'ಪೋಲೆ' ಅಂದರೆ ಹೋಗಿ. 62 ವರ್ಷದ ಮನುಷ್ಯ ಚರಂಡಿಗೆ ಬಿದ್ದಿದ್ದಾನೆ, ಒಂದು ಕೈಯಲ್ಲಿ ಎತ್ತುತ್ತಾ 'ಹೋಗಿ ಹೋಗಿ' ಅಂತ ಓಡಿಸುತ್ತಿದ್ದಾರಲ್ಲ! ಏಕವಚನದಲ್ಲಿ 'ಪೋ' ಅನ್ನದೆ ಮರ್ಯಾದೆ ಕೊಟ್ಟು ಓಡಿಸಿದರು ಅನ್ನುವುದಷ್ಟೇ ಸಮಾಧಾನ. ಹೋದೆ. ಒಂದು ಚಪ್ಪಲಿ ಅಲ್ಲೇ ಬಿಟ್ಟು ಹೋದೆ.

ಸಂಜೆ ಆ ಚಪ್ಪಲಿಯನ್ನು ತೊಳೆದು ಒಬ್ಬ ಹುಡುಗ ಮನೆಗೇ ತಂದುಕೊಟ್ಟ. ಅವನೂ "ಪೋಲೆ" ಅಂದ. ಆಗ ಪಕ್ಕದ ಮನೆಯಾಕೆ ಅರ್ಥ ಬಿಡಿಸಿ ಹೇಳಿದರು. ಸ್ವಾಹಿಲಿಯಲ್ಲಿ 'ಪೋಲೆ' ಅಂದರೆ 'ಅಯ್ಯೋ ಪಾಪ'. ಎಡವಿದರೆ ಪೋಲೆ, ಜ್ವರ ಬಂದರೆ ಪೋಲೆ, ಭಾರ ಹೊತ್ತು ಏದುಸಿರು ಬಿಟ್ಟರೆ ಪೋಲೆ. ಅದನ್ನೇ ಒಟ್ಟಿಗೆ 'ಪೋಲೆ ಪೋಲೆ' ಅಂದರೆ 'ನಿಧಾನ, ನಿಧಾನ'. ಅಲ್ಲಿನ ಡಾಲಾಡಾಲಾ ವ್ಯಾನ್‌ನಲ್ಲಿ ಮೊಟ್ಟೆಯ ಟ್ರೇ ಹಿಡಿದ ಅಜ್ಜಿಯೊಬ್ಬಳು ಡ್ರೈವರ್‌ಗೆ "ಪೋಲೆ ಪೋಲೆ" ಅಂದಾಗಲೆಲ್ಲ ನಾನು ಕಂಬಿ ಗಟ್ಟಿ ಹಿಡಿದುಕೊಳ್ಳುತ್ತಿದ್ದೆ. ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್‌ನಲ್ಲಿ "ರೈಟ್, ಪೋಯಿ" ಕೇಳಿ ಬೆಳೆದ ಕಿವಿ ಇದು. ಅಷ್ಟು ಬೇಗ ಬದಲಾಗುತ್ತದಾ?

ನಾನು ಅಲ್ಲಿಗೆ ಹೋದದ್ದು ಹೇಗೆ ಅಂತ ಹೇಳಲಿಲ್ಲ ಅಲ್ವಾ? ಬ್ಯಾಂಕಿನಿಂದ ನಿವೃತ್ತನಾಗಿ ಎರಡು ವರ್ಷ ಮನೆಯಲ್ಲಿದ್ದೆ. ಒಂದು ಸ್ವಯಂಸೇವಾ ಸಂಸ್ಥೆಗೆ ಲೆಕ್ಕಪತ್ರ ಗೊತ್ತಿದ್ದವರು ಬೇಕಿತ್ತು. 11 ತಿಂಗಳು, ಊಟ ವಸತಿ ಉಂಟು, ಸಂಬಳ ಇಲ್ಲ.

"ಸಂಬಳ ಇಲ್ಲದ ಕೆಲಸ ಇಲ್ಲಿಯೇ ಬೇಕಾದಷ್ಟು ಉಂಟಲ್ಲ ಮಾರಾಯ್ರೆ," ಅಂದಳು ಹೆಂಡತಿ. "ಕಾಯಿ ಸುಲಿದು ಕೊಡಿ ಅಂತ ಒಂದು ವಾರದಿಂದ ಹೇಳ್ತಾ ಇದ್ದೇನೆ."

ನಾನು ದೊಡ್ಡವರ ಉದಾಹರಣೆ ಕೊಟ್ಟೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್, 1966ರಲ್ಲಿ, 68ನೇ ವಯಸ್ಸಿನಲ್ಲಿ ಪೀಸ್ ಕೋರ್ ಅನ್ನುವ ಸ್ವಯಂಸೇವಕರ ಪಡೆ ಸೇರಿ ಮುಂಬಯಿಯ ವಿಕ್ರೋಲಿಗೆ ಬಂದು ನರ್ಸ್ ಕೆಲಸ ಮಾಡಿದ್ದರು ಅಂದೆ.

"ಅವರಿಗೆ ನಿಮ್ಮ ಹಾಗೆ ಶುಗರ್ ಇತ್ತಾ?"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆರು ಡಬ್ಬಿ ಮಾತ್ರೆ, ಎರಡು ಬಾಟಲಿ ಉಪ್ಪಿನಕಾಯಿ ಕಟ್ಟಿಕೊಂಡು ಹೊರಟೆ.

ಕಿವಿ ಮೊದಲ ಸಲ ಕೈಕೊಟ್ಟದ್ದು ಚರಂಡಿಗಿಂತಲೂ ಮುಂಚೆ, ಬಂದ ದಿನವೇ. ಗಾಡಿಗೆ ಅಲ್ಲಿ 'ಗಾರಿ', ಚಪಾತಿಗೆ ಚಪಾತಿಯೇ, ಆಟೋರಿಕ್ಷಾಕ್ಕೆ 'ಬಜಾಜಿ'. ಇಷ್ಟು ಕೇಳಿದ್ದೇ ತಡ, ಈ ಭಾಷೆ ನಮಗೆ ಸಂಬಂಧದಲ್ಲೇ ಆಗಬೇಕು ಅಂತ ತೀರ್ಮಾನಿಸಿಬಿಟ್ಟೆ. ಹೋಟೆಲಿನ ಹುಡುಗ "ವಾಲಿ ನಾ ಕುಕು" ಅಂದ. ವಾಲಿ ಅಂದರೆ ಅನ್ನ, ಅದು ಓದಿಕೊಂಡು ಹೋಗಿದ್ದೆ. ಕುಕ್ಕು ಅಂದರೆ ತುಳುವಿನಲ್ಲಿ ಮಾವು. ಅನ್ನದ ಜೊತೆ ಮಾವಿನಕಾಯಿ ಗೊಜ್ಜು ಇರಬೇಕು, ಪರವಾಗಿಲ್ಲವೇ ಈ ಊರು! "ಕುಕು ಜಾಸ್ತಿ ಹಾಕು" ಅಂತ ಕೈಸನ್ನೆಯಲ್ಲೇ ಹೇಳಿದೆ. ತಟ್ಟೆ ಬಂತು. ಅನ್ನದ ಮೇಲೆ ಎರಡು ಕಾಲು ಅಡ್ಡಡ್ಡ ಮಲಗಿದ್ದವು.

ಮಾವಿನಕಾಯಿಗೆ ಕಾಲಿರುವುದಿಲ್ಲ. ನಾನೋ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವನು. ಹುಡುಗ ಪಾಪ, ಕಡಿಮೆ ಹಾಕಿದೆನೇನೋ ಅಂತ ಇನ್ನೊಂದು ತುಂಡು ತಂದ. ಕೊನೆಗೆ ಅಡುಗೆಯಾಕೆಯೇ ಹೊರಗೆ ಬಂದು ನನ್ನ ಮುಖ ನೋಡಿ, ತೆಂಗಿನಹಾಲಿನಲ್ಲಿ ಬೇಯಿಸಿದ ಕೆಂಪು ಬೀನ್ಸ್ ಬಡಿಸಿದರು. ನಮ್ಮ ಗಸಿಯೇ, ಸ್ವಲ್ಪ ಸಪ್ಪೆ. ಮುಂದಿನ 11 ತಿಂಗಳು ಅದರಿಂದಲೇ ಬದುಕಿದೆ.

ನನ್ನ ಕೆಲಸ ಹೆಂಗಸರ ಉಳಿತಾಯ ಗುಂಪಿನಲ್ಲಿ. ಸುಮಾರು 25 ಮಂದಿ, ವಾರಕ್ಕೊಮ್ಮೆ ಸೇರಿ ದುಡ್ಡು ಹಾಕುತ್ತಾರೆ. ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಮೂರು ಬೀಗ, ಮೂರು ಕೀಲಿಕೈ ಮೂರು ಮನೆಯಲ್ಲಿ. 1928ರಲ್ಲಿ ಡಾ. ಟಿ.ಎಂ.ಎ. ಪೈಯವರು ಉಡುಪಿಯಲ್ಲಿ ಶುರು ಮಾಡಿದ ಪಿಗ್ಮಿ, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿದ್ದು, ಇದರ ಬಗ್ಗೆ ಭಾಷಣ ತಯಾರು ಮಾಡಿಕೊಂಡೆ. ಸಭೆ "ಸಾ ತಾತು" ಅಂದರು. ಮೂರು ಗಂಟೆ. ಊಟ ಮಾಡಿ, ಸಣ್ಣ ನಿದ್ರೆ ತೆಗೆದು, ಇಸ್ತ್ರಿ ಶರ್ಟು ಹಾಕಿ ಎರಡು ಮುಕ್ಕಾಲಿಗೇ ಹೋದೆ. ಮರದ ಕೆಳಗೆ ಒಂದು ಕೋಳಿ ಬಿಟ್ಟರೆ ಯಾರೂ ಇರಲಿಲ್ಲ.

ಅಲ್ಲಿ ಗಂಟೆಯ ಲೆಕ್ಕ ಸೂರ್ಯ ಹುಟ್ಟಿದ ಮೇಲೆ ಶುರು. ಭೂಮಧ್ಯರೇಖೆಯ ಹತ್ತಿರದ ಊರು, ವರ್ಷವಿಡೀ ಬೆಳಗು ಆರರ ಆಸುಪಾಸಿನಲ್ಲೇ. ಹಾಗಾಗಿ ನಮ್ಮ ಏಳು ಅವರ ಒಂದು, ನಮ್ಮ ಒಂಬತ್ತು ಅವರ ಮೂರು. ರಾತ್ರಿ ಹೆಂಡತಿಗೆ ಫೋನಿನಲ್ಲಿ ಇದನ್ನು ದೊಡ್ಡ ಸಂಶೋಧನೆ ಅನ್ನುವ ಹಾಗೆ ವಿವರಿಸಿದೆ. "ಪಂಚಾಂಗದಲ್ಲಿಯೂ ಉದಯದಿಂದಲೇ ಅಲ್ವಾ ಗಳಿಗೆ ಎಣಿಸುವುದು? ಇಷ್ಟು ವರ್ಷ ಎಂಥ ನೋಡಿದ್ರಿ ಅದರಲ್ಲಿ?" ಅಂದಳು.

ಮರುವಾರ ಗುಂಪಿನ ಅಧ್ಯಕ್ಷೆ ನನಗೆ 500 ಶಿಲ್ಲಿಂಗ್ ದಂಡ ಹಾಕಿದರು. ಸಭೆಗೆ ತಪ್ಪಿಸಿಕೊಂಡವರಿಗೆ ದಂಡ, ನಿಯಮ ಎಲ್ಲರಿಗೂ ಒಂದೇ. 34 ವರ್ಷ ಬ್ಯಾಂಕಿನಲ್ಲಿ ದುಡಿದವನು ಮೂರು ಬೀಗದ ಪೆಟ್ಟಿಗೆಗೆ ಹಾಕಿದ ಮೊದಲ ಠೇವಣಿ ಅದು. ಪಿಗ್ಮಿ ಭಾಷಣ ಶುರು ಮಾಡಿದೆ, ಎರಡು ನಿಮಿಷದಲ್ಲಿ ಒಬ್ಬಳು ಆಕಳಿಸಿದಳು. ದಿನಾ ಸಂಜೆ ಮನೆಮನೆ ಸುತ್ತಿ ದುಡ್ಡು ಸೇರಿಸುವುದು ಅವರಿಗೆ ಹೊಸತಾಗಿರಲಿಲ್ಲ.

ಪಕ್ಕದ ಮನೆಯಾಕೆಯ ವಿಷಯ ಹೇಳಬೇಕು. ಅಲ್ಲಿ ಮಕ್ಕಳ ತಾಯಂದಿರಿಗೆಲ್ಲ 'ಮಾಮಾ' ಅನ್ನುವುದು ಮರ್ಯಾದೆ. ಇದನ್ನು ಹೆಂಡತಿಗೆ ಹೇಳಲು ಮರೆತಿದ್ದೆ.

"ಇವತ್ತು ರಾತ್ರಿ ಊಟಕ್ಕೆ ಮಾಮಾ ಕರೆದಿದ್ದರು."

"ಯಾವ ಮಾಮ? ಅಲ್ಲಿ ನಿಮಗೆ ಯಾವ ಮಾಮ?"

"ಮಾಮ ಅಲ್ಲ, ಅದು ಹೆಂಗಸು."

ಫೋನಿನಲ್ಲಿ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು.

ಈ ಮಾಮಾಗೆ ಒಂದು ದಿನ ನನ್ನ ಕಷ್ಟ ತೋಡಿಕೊಂಡೆ. ಕಾಯಿ ರಾಶಿ ಬಿದ್ದಿದೆ, ತುರಿಯುವುದಕ್ಕೆ ಏನೂ ಇಲ್ಲ, ಚಮಚದಲ್ಲಿ ಕೆರೆದು ಕೆರೆದು ಬೆರಳು ಬೊಬ್ಬೆ ಎದ್ದಿದೆ. ಆಕೆ ನಕ್ಕು, "ನಾಳೆ ನಿಮಗೆ ಎಂಬೂಜಿ ತಂದುಕೊಡುತ್ತೇನೆ" ಅಂದರು. ಎಂಬೂಜಿ! ಪುಸ್ತಕದಲ್ಲಿ ಚಿತ್ರ ಸಮೇತ ಇತ್ತು. ಆಡು.

ರಾತ್ರಿ ನಿದ್ರೆ ಬರಲಿಲ್ಲ. ಕಾಯಿಗೂ ಆಡಿಗೂ ಏನು ಸಂಬಂಧ? ಬೇಡ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ. ಕಡಿಯುವುದಂತೂ ಸಾಧ್ಯವಿಲ್ಲ. ಸಾಕೋಣ ಅಂದರೆ 11 ತಿಂಗಳಾದ ಮೇಲೆ ವಿಮಾನದಲ್ಲಿ ತರಲಿಕ್ಕಾಗುತ್ತದಾ? ಬೆಳಗ್ಗೆ ಎದ್ದು ಹಿತ್ತಿಲಲ್ಲಿ ಒಂದು ಗೂಟ ನೆಟ್ಟೆ. ಬಕೆಟ್‌ನಲ್ಲಿ ನೀರಿಟ್ಟೆ. ಎರಡು ಹಿಡಿ ಹುಲ್ಲು ಕಿತ್ತು ಹಾಕಿದೆ.

ಮಾಮಾ ಬಂದರು. ಕಂಕುಳಲ್ಲಿ ಮಡಚಿದ ಎರಡು ಹಲಗೆ. ನೆಲದ ಮೇಲೆ ಬಿಡಿಸಿ ಇಟ್ಟರು. ಕೂರಲು ಗಿಡ್ಡ ಮಣೆ, ಮುಂದಕ್ಕೆ ಚಾಚಿದ ಕಬ್ಬಿಣದ ನಾಲಿಗೆ, ನಾಲಿಗೆಯ ತುದಿಯಲ್ಲಿ ಹಲ್ಲು. ನಮ್ಮ ಹೆರೆಮಣೆ! ಅದಕ್ಕೂ ಅಲ್ಲಿ ಎಂಬೂಜಿ ಅಂತಲೇ ಹೆಸರು. ನಾನು ಆ ಕೂಡಲೇ ಕುಳಿತು ಒಂದು ಕಡಿ ಕಾಯಿಯನ್ನು ತುರಿ ಕೆಂಪಾಗದಂತೆ ತುರಿದು ತೋರಿಸಿದೆ. ಗಂಡಸು ಕಾಯಿ ತುರಿಯುವುದನ್ನು ನೋಡಲು ಬೀದಿಯ ಮಕ್ಕಳೆಲ್ಲ ಸೇರಿದರು. ಮಾಮಾ ಮಾತ್ರ ಗೂಟ, ಬಕೆಟ್, ಹುಲ್ಲು ನೋಡುತ್ತಾ ನಿಂತಿದ್ದರು. ವಿವರಿಸುವಷ್ಟು ಸ್ವಾಹಿಲಿ ನನಗೆ ಬರುತ್ತಿರಲಿಲ್ಲ, ಪುಣ್ಯ.

ಊರಿಗೆ ಬಂದು ನಾಲ್ಕು ತಿಂಗಳಾಯಿತು. ನಮ್ಮ ಮನೆಯಲ್ಲಿ ಈಗ ಹೆರೆಮಣೆಗೆ 'ಆಡು' ಅಂತಲೇ ಹೇಳುವುದು, ಅದರ ಮೇಲೆ ಕೂರುವ ಕೆಲಸ ಪೂರ್ತಿ ನನ್ನದು. ಕಿವಿಯೂ ಕೊನೆಗೆ ದಾರಿಗೆ ಬಂದಿತ್ತು, ಆದರೆ ಬರಬಾರದ ಹೊತ್ತಿಗೆ. ಮೊನ್ನೆ ಆಟಿಯ ಮಳೆಯಲ್ಲಿ ಕಾರ್ಕಳದಿಂದ ಭಾವ ಬಂದರು. ಹೆಂಡತಿಯ ಅಣ್ಣ, ಸ್ವಲ್ಪ ಬಿಗುವಿನ ಜನ, ನಾಲ್ಕು ಸಲ ಕರೆದ ಮೇಲೆ ಬಂದವರು. ಒಳಗೆ ಪತ್ರೊಡೆ ಬೇಯುತ್ತಿತ್ತು. ಅಂಗಳದ ಪಾಚಿಗೆ ಮಡಲು ಹಾಸಿದ್ದೆ, ಅವರು ಮಡಲು ಬಿಟ್ಟು ಪಕ್ಕಕ್ಕೆ ಕಾಲಿಟ್ಟರು. ಕೊಡೆ ಒಂದು ಕಡೆ, ಭಾವ ಒಂದು ಕಡೆ.

ನಾನು ಜಗಲಿಯಿಂದ ಹಾರಿ ಬಂದೆ. ಎದೆಯಾಳದಿಂದ ಮಾತು ಬಂತು: "ಪೋಲೆ ಭಾವ! ಪೋಲೆ! ಪೋಲೆ!"

ಭಾವ ನನ್ನ ಮುಖ ನೋಡಿದರು. ಎದ್ದರು. ಪಂಚೆ ಕೊಡವಿಕೊಂಡರು. ಕೊಡೆ ಎತ್ತಿಕೊಂಡು ಗೇಟಿನ ಕಡೆ ತಿರುಗಿ ದಡದಡ ನಡೆದೇಬಿಟ್ಟರು. ಮತ್ತೆ ಅದೇ ಪಾಚಿಯ ಮೇಲೆ. ಇನ್ನೊಮ್ಮೆ ಜಾರಿದರೆ ಸೊಂಟ ಹೋಗುತ್ತದೆ ಅಂತ ಗಾಬರಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ:

"ಪೋಲೆ ಪೋಲೆ!"

ಕಾರ್ಕಳದ ಬಸ್ಸು ಕೂಡಲೇ ಸಿಕ್ಕಿತಂತೆ. ಪತ್ರೊಡೆ ಆ ರಾತ್ರಿ ನಾನೇ ಬಡಿಸಿಕೊಂಡು ತಿಂದೆ.