ಗೃಹ ಕಾರ್ಮಿಕರ ಮಸೂದೆಗೆ ನಮ್ಮ ಸವಿನಯ ಆಕ್ಷೇಪಣೆ

ಮಾನ್ಯ ಕಾರ್ಮಿಕ ಇಲಾಖೆಯ ಅಧಿಕಾರಿಗಳೇ,

ರಾಜ್ಯ ಸರ್ಕಾರವು 2025ರಲ್ಲಿ ಪ್ರಕಟಿಸಿದ ಗೃಹ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಮಸೂದೆಯ ಕರಡನ್ನು ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳು ವಾಟ್ಸ್ಆ್ಯಪ್ ಗುಂಪಿನಲ್ಲಿ ಪರಸ್ಪರ ಕಳಿಸಿಕೊಂಡು, ಕೆಲವರು ತೆರೆದೂ ನೋಡಿ, ಬೆಂಗಳೂರಿನ ಗೃಹಸ್ಥರ ಮೇಲೆ ಇಂತಹ ಗದಾಪ್ರಹಾರ ಈ ಹಿಂದೆ ಆಗಿರಲಿಲ್ಲವೆಂದು ಒಮ್ಮತದಿಂದ ಅಭಿಪ್ರಾಯಪಟ್ಟಿರುವುದರಿಂದ ಈ ಪತ್ರ ಬರೆಯಬೇಕಾಗಿ ಬಂದಿದೆ.

ಕರಡು ಹೇಳುವಂತೆ ಮನೆಗೆಲಸದವರನ್ನು ನೋಂದಾಯಿಸಿ ಅವರ ವಿವರಗಳನ್ನೆಲ್ಲ ದಾಖಲಿಸುವುದು ಸಂಸಾರಸ್ಥರಿಂದ ಆಗುವ ಕೆಲಸವಲ್ಲ. ನಮ್ಮ ಗೇಟಿನ ಆ್ಯಪ್‌ನ ವಿಚಾರ ಬೇರೆ. ಅದರಲ್ಲಿ ಪ್ರತಿಯೊಬ್ಬ ಕೆಲಸದಾಕೆಯ ಫೋಟೊ, ಆಧಾರ್ ಪ್ರತಿ, ಆಕೆ ಬೆಳಿಗ್ಗೆ 6.52ಕ್ಕೆ ಒಳಬಂದದ್ದು, ಮಧ್ಯಾಹ್ನ 1.37ಕ್ಕೆ ಹೊರಟದ್ದು, ಕೈಚೀಲದಲ್ಲಿದ್ದ ಹಳೆಯ ಸೀರೆಯನ್ನು ಕೊಟ್ಟ ಮನೆಯ ಸಂಖ್ಯೆ, ಐದಕ್ಕೆ ಎಷ್ಟು ನಕ್ಷತ್ರ ಎಂಬುದೆಲ್ಲವೂ ಇದೆ. ಯಾವ ಕಾರ್ಖಾನೆಯ ಹಾಜರಿ ಪುಸ್ತಕವೂ ಇಷ್ಟು ಕರಾರುವಾಕ್ಕಾಗಿರಲಾರದು. ಆದರೆ ಅದನ್ನು ನಾವು ಇಟ್ಟಿರುವುದು ಕಳ್ಳತನ ತಡೆಯಲು. ಅದೇ ದಾಖಲೆಯಿಂದ ಆಕೆ ತಿಂಗಳಿಗೆ ಎಷ್ಟು ಗಂಟೆ ದುಡಿದಳೆಂದು ಲೆಕ್ಕ ತೆಗೆಯುವುದು ನಮ್ಮ ಖಾಸಗಿತನದ ಮೇಲಿನ ದಾಳಿಯಾಗುತ್ತದೆ.

ಮನೆ ಕೈಗಾರಿಕೆಯಲ್ಲ ಎಂಬುದು ಬರೀ ನಮ್ಮ ಮಾತಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೇ ಕೈಗಾರಿಕೆಯ ವ್ಯಾಖ್ಯೆಯಿಂದ ಗೃಹಸೇವೆಯನ್ನು ಹೊರಗಿಟ್ಟಿದೆ. ನಮ್ಮ ಡಿ ಬ್ಲಾಕಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ವಾರಕ್ಕೆ ಮೂರು ದಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯಿಂದಲೇ ಕೆಲಸ ಮಾಡುತ್ತಾರೆ. ಅವರಿಗೆ ಭವಿಷ್ಯ ನಿಧಿ, ಗ್ರಾಚ್ಯುಟಿ, ಹೆರಿಗೆ ರಜೆ, ಬೆನ್ನು ನೋಯದಿರಲೆಂದು ಕಂಪನಿ ಕಳಿಸಿದ ಕುರ್ಚಿ ಎಲ್ಲವೂ ಇವೆ. ಅದೇ ಮೇಜಿನ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತು ನೆಲ ಒರೆಸುವಾಕೆ, “ಅಕ್ಕಾ, ಒಂಚೂರು ಕಾಲೆತ್ತಿ” ಎನ್ನುತ್ತಾಳೆ. ಮೇಜಿನ ಮೇಲ್ಭಾಗ ಉದ್ಯೋಗ ಸ್ಥಳ, ಕೆಳಭಾಗ ಮನೆ ಎಂಬ ಈ ಸೂಕ್ಷ್ಮ ಕರಡು ಬರೆದವರಿಗೆ ಹೊಳೆದಂತಿಲ್ಲ.

2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯು ಮನೆಯನ್ನೂ ಕೆಲಸದ ಸ್ಥಳವೆಂದು ಒಪ್ಪಿದೆ ಎಂದು ನೀವು ವಾದಿಸಬಹುದು. ಸರಿಯೇ. ಅಂದರೆ ಆಕೆಯ ಮೇಲೆ ಯಾರಾದರೂ ಕೈ ಹಾಕಿದ ಗಳಿಗೆಯಲ್ಲಿ ಮನೆ ಕೆಲಸದ ಸ್ಥಳವಾಗುತ್ತದೆ, ಕೈ ತೆಗೆದ ಮೇಲೆ ಮತ್ತೆ ಮನೆಯಾಗುತ್ತದೆ. ಇಷ್ಟು ಅನುಕೂಲವಾದ ಏರ್ಪಾಡನ್ನು ಕೆಡಿಸುವುದೇಕೆ?

ಕನಿಷ್ಠ ವೇತನದ ಬಗ್ಗೆ ನಮಗೆ ತಕರಾರಿಲ್ಲ. ಕರ್ನಾಟಕವು ಮನೆಗೆಲಸಕ್ಕೆ ಕನಿಷ್ಠ ವೇತನವನ್ನು 2004ರಲ್ಲೇ ಗೊತ್ತುಪಡಿಸಿತು; ಅದನ್ನು ಪರಿಶೀಲಿಸಲೆಂದು ಯಾವ ನಿರೀಕ್ಷಕರೂ ಈವರೆಗೆ ನಮ್ಮ ಸದಸ್ಯರ ಕರೆಗಂಟೆ ಒತ್ತಿದ್ದಿಲ್ಲ. ಹೊಸ ಕಾನೂನನ್ನೂ ಇದೇ ಮಾದರಿಯಲ್ಲಿ ತರುವುದಾದರೆ ನಮ್ಮ ಸಂಪೂರ್ಣ ಬೆಂಬಲವಿದೆ.

ಆದರೆ ಕರಡು ಕೇಳುವ ಲಿಖಿತ ಕರಾರಿನಿಂದ ಬಾಂಧವ್ಯ ಹಾಳಾಗುತ್ತದೆ. ಈಗ ಬಾಯಿಮಾತಿನಲ್ಲಿ ಎಲ್ಲವೂ ಸುಗಮವಾಗಿ ನಡೆದಿದೆ. ಮೂವರ ಪಾತ್ರೆಗೆಂದು ಒಪ್ಪಿ ಬಂದವಳು ಊರಿನಿಂದ ಬಂದಿಳಿದ ಏಳು ಮಂದಿ ನೆಂಟರ ಮುಸುರೆಯನ್ನೂ ತಿಕ್ಕುತ್ತಾಳೆ. ನಾವು ಹದಿನೈದು ದಿನ ಪ್ರವಾಸ ಹೋದರೆ ಕೆಲಸವಿರಲಿಲ್ಲವೆಂದು ಅಷ್ಟು ದಿನದ ಸಂಬಳ ಹಿಡಿಯುತ್ತೇವೆ. ಆಕೆ ಊರ ಜಾತ್ರೆಗೆ ಹೋದರೆ ಕೆಲಸವಿತ್ತೆಂದು ಹಿಡಿಯುತ್ತೇವೆ. ಇದನ್ನು ಕಾಗದದ ಮೇಲೆ ಬರೆದರೆ ಓದುವವರು ತಪ್ಪು ತಿಳಿಯುವ ಸಂಭವವಿದೆ.

ಇನ್ನು ಸಂಬಳದ ಶೇಕಡ 5ರವರೆಗಿನ ಕಲ್ಯಾಣ ಶುಲ್ಕ. ಗುಡಿಸಿ, ಒರೆಸಿ, ಪಾತ್ರೆ ತೊಳೆಯಲು ತಿಂಗಳಿಗೆ 4,000 ರೂಪಾಯಿ ಕೊಡುವ ಕುಟುಂಬ ಇನ್ನೂ 200 ರೂಪಾಯಿ ತೆರಬೇಕಾದೀತೆಂದು ಖಜಾಂಚಿಯವರು ಲೆಕ್ಕ ಹಾಕಿ ತಿಳಿಸಿದಾಗ ಗುಂಪಿನಲ್ಲಿ ಅಳುವ ಮುಖಗಳ ಮಳೆಯೇ ಸುರಿಯಿತು. ಅದೇ ಸಂಜೆ ಈಜುಕೊಳದ ಟೈಲ್ಸ್ ಬದಲಾಯಿಸಲು ಮನೆಗೆ 12,000 ರೂಪಾಯಿ ವಂತಿಗೆ ಐದೇ ನಿಮಿಷದಲ್ಲಿ ಅಂಗೀಕಾರವಾದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಷ್ಟಕ್ಕೂ ಅವಸರವೇನಿದೆ? ಮನೆಗೆಲಸದವರಿಗಾಗಿ 1959ರಲ್ಲೇ ಸಂಸತ್ತಿಗೆ ಬಂದ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. 2011ರಲ್ಲಿ ಜಿನೀವಾದಲ್ಲಿ ಮನೆಗೆಲಸದವರ ಹಕ್ಕುಗಳ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆಯ ಪರವಾಗಿ ಭಾರತ ಮತ ಹಾಕಿತು. ಊರಿಗೆ ಮರಳಿದ ಮೇಲೆ ಸ್ಥಿರೀಕರಿಸುವ ಗೋಜಿಗೆ ಹೋಗಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಾನೂನು ಬೇಕೇ ಎಂದು ನೋಡಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಇಷ್ಟು ವರ್ಷ ಕಾದವರು ನಮ್ಮ ಮಕ್ಕಳು ಓದಿ ವಿದೇಶಕ್ಕೆ ಹೋಗುವವರೆಗೆ ಕಾಯಲಾರರೇ?

ವಾರದ ರಜೆಯ ಬೇಡಿಕೆಯನ್ನು ಮಾತ್ರ ನಾವು ಸಹಾನುಭೂತಿಯಿಂದ ಪರಿಶೀಲಿಸಲು ತೀರ್ಮಾನಿಸಿದ್ದೇವೆ. ಈ ಕುರಿತು ಚರ್ಚಿಸಲು ಬರುವ ಭಾನುವಾರ ಕ್ಲಬ್‌ಹೌಸಿನಲ್ಲಿ ಸಭೆ ಕರೆಯಲಾಗಿದ್ದು, ಬೆಳಿಗ್ಗೆ ಬೇಗ ಬಂದು ಕುರ್ಚಿ ಹಾಕಿ, ಸಭೆ ಮುಗಿದ ಮೇಲೆ ಲೋಟಗಳನ್ನು ತೊಳೆದಿಟ್ಟು ಹೋಗುವಂತೆ ಎ ಬ್ಲಾಕಿನ ಇಬ್ಬರು ಕೆಲಸದವರಿಗೆ ಈಗಾಗಲೇ ಹೇಳಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ನಿವಾಸಿಗಳ ಸಂಘ