ಹುರುಪು ತಗ್ಗಿದರೆ ಬಿಟ್ಟುಬಿಡಬೇಕೇ?

ಹುರುಪು ತಗ್ಗಿದ ಮೇಲೂ ಹಳೆಯ ಯೋಜನೆಗೇ ಜೋತುಬೀಳುವುದು ಕಾಲಹರಣ, ಹೊಸದನ್ನು ಹಿಡಿಯಿರಿ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ ಸಾರ್.

ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟನ್ನೇ ನೋಡಿ. 1940ರ ದಶಕದಲ್ಲಿ ಕೈಗೆತ್ತಿಕೊಂಡ ಕೆಲಸ. ಮೊದಲ ಸಂಪುಟ ಬಂದಿದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಶಾಸನ, ಹಳಗನ್ನಡ ಕಾವ್ಯ, ವಚನ ಎಲ್ಲವನ್ನೂ ಓದಿ, ಒಂದೊಂದು ಪದವನ್ನೂ ಅದು ಬಂದ ಸಾಲಿನ ಸಮೇತ ಚೀಟಿಗೆ ಇಳಿಸಬೇಕು, ಅಕಾರಾದಿಯಾಗಿ ಜೋಡಿಸಬೇಕು. ‘ಕಟ್ಟು’ ಅನ್ನೋದೊಂದೇ ತಗೊಳ್ಳಿ: ಮನೆ ಕಟ್ಟುವುದು, ಹಸು ಕಟ್ಟುವುದು, ಕಂದಾಯ ಕಟ್ಟುವುದು, ಮೂಗು ಕಟ್ಟುವುದು. ಒಂದೊಂದು ಅರ್ಥವನ್ನೂ ಬಿಡಿಸಿ ಬರೆಯಬೇಕು, ಒಂದೊಂದಕ್ಕೂ ಪ್ರಯೋಗ ಹುಡುಕಬೇಕು. ಅಷ್ಟು ವರ್ಷ ದಿನಾ ಇದನ್ನೇ ಮಾಡುವವರಿಗೆ ಮೊದಲ ದಿನದ ಉತ್ಸಾಹ ಎಲ್ಲಿ ಉಳಿದೀತು? ಆದರೂ ಮಾಡಿದರು. ಸಂಪಾದಕರಾಗಿದ್ದ ಡಿ.ಎಲ್. ನರಸಿಂಹಾಚಾರ್ಯರು 1971ರಲ್ಲೇ ತೀರಿಕೊಂಡರು, ಜಿ. ವೆಂಕಟಸುಬ್ಬಯ್ಯನವರಂಥವರು ಅದನ್ನು ಮುಂದುವರಿಸಿದರು. ನನಗೆ ಅವರೆಲ್ಲರ ಮೇಲೆ ಅಪಾರ ಗೌರವ.

ಎಲ್ಲ ಯೋಜನೆಯನ್ನೂ ಕೊನೆಮುಟ್ಟಿಸಲೇಬೇಕು ಅಂತಲ್ಲ. ಬೇಜಾರು ಬಂತೆಂದು ಕೈಬಿಡುವ ಮೊದಲು ಆ ಕೆಲಸ ಇನ್ನೂ ಯಾರಿಗಾದರೂ ಬೇಕಾಗಿದೆಯೇ ಎಂದು ಕೇಳಿಕೊಳ್ಳಿ ಎಂಬ ಒಂದು ಸಾಲಾದರೂ ಲೇಖನದಲ್ಲಿ ಇರಬೇಕಿತ್ತು.