ದೂರದ ಜಗಳಕ್ಕೆ ದುಡ್ಡು, ದುಡಿಮೆ ಕೊಡುವವರು

ಭೂಕಂಪವೋ ನೆರೆಯೋ ಬಂದಾಗ ಜನ ಹಣ ಕಳಿಸುವುದು ಸುಲಭವಾಗಿ ಅರ್ಥವಾಗುತ್ತದೆ, ಏಕೆಂದರೆ ಕೊಟ್ಟದ್ದು ಕಂಬಳಿಯಾಗಿ, ಔಷಧವಾಗಿ ಕಣ್ಣಿಗೆ ಕಾಣುತ್ತದೆ. ಶಾಂತಿ ಕಟ್ಟುವ ಕೆಲಸದಲ್ಲಿ ಈ ಸಮಾಧಾನವಿಲ್ಲ. ಆ ಕೆಲಸ ಕೈಗೂಡಿದರೆ ನಡೆಯಬೇಕಿದ್ದ ಒಂದು ಕೊಲೆ ನಡೆಯುವುದಿಲ್ಲ, ಹೊತ್ತಿಕೊಳ್ಳಬೇಕಿದ್ದ ಗಲಭೆ ಹೊತ್ತಿಕೊಳ್ಳುವುದಿಲ್ಲ. ನಡೆಯದೇ ಹೋದದ್ದರ ಫೋಟೊ ತೆಗೆದು ದಾನಿಗಳಿಗೆ ಕಳಿಸುವುದಾದರೂ ಹೇಗೆ? ಆದರೂ ಇದಕ್ಕೆ ಹಣ ಕೊಡುವವರಿದ್ದಾರೆ, ವರ್ಷಗಟ್ಟಲೆ ಸಮಯ ಕೊಡುವವರೂ ಇದ್ದಾರೆ. ಕರುಣೆಯೇ ಇದಕ್ಕೆ ಕಾರಣವೆಂದು ನನಗನ್ನಿಸುವುದಿಲ್ಲ. ಕರುಣೆ ಮನುಷ್ಯನನ್ನು ಪರಿಹಾರ ಕಾರ್ಯದವರೆಗೆ ಕರೆತರುತ್ತದೆ. ಅಲ್ಲಿಂದ ಮುಂದಕ್ಕೆ ನಡೆಸುವುದು, ಈ ಹಿಂಸೆಯಲ್ಲಿ ನಮ್ಮವರ ಪಾಲೂ ಇದೆ ಎಂಬ ಅರಿವು.

ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಫ್ರಾನ್ಸಿನ ವರ್ಡನ್ ಸಮೀಪದ ಪಾಳುಬಿದ್ದ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಬೇರೆ ಬೇರೆ ದೇಶಗಳ ಸ್ವಯಂಸೇವಕರನ್ನು ಕರೆತಂದರು. ಅವರಲ್ಲಿ ಜರ್ಮನ್ನರೂ ಇದ್ದರು. ಅವರ ಇರುವಿಕೆ ಎಲ್ಲರಿಗೂ ಹಿಡಿಸಲಿಲ್ಲ, ಶಿಬಿರ ಕೆಲವೇ ತಿಂಗಳಲ್ಲಿ ನಿಂತುಹೋಯಿತು. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಮಾತ್ರ ಆ ಶಿಬಿರದಿಂದಲೇ ಬೆಳೆದು ಇಂದಿಗೂ ಉಳಿದಿದೆ.

ನಾನು ಹೇಳುವ ಹೊಣೆಯ ಅರಿವನ್ನು ಇದಕ್ಕಿಂತ ನೇರವಾಗಿ ನುಡಿದವರು ಲೋಥರ್ ಕ್ರೈಸಿಗ್. ನಾಜಿ ಆಡಳಿತ ಅಂಗವಿಕಲರನ್ನೂ ಮನೋರೋಗಿಗಳನ್ನೂ ಕೊಲ್ಲುತ್ತಿದ್ದಾಗ ಅದನ್ನು ಬಹಿರಂಗವಾಗಿ ವಿರೋಧಿಸಿ ಹುದ್ದೆ ಕಳೆದುಕೊಂಡ ನ್ಯಾಯಾಧೀಶ ಅವರು. 1958ರಲ್ಲಿ ಬರ್ಲಿನ್ನಿನ ಚರ್ಚ್ ಸಭೆಯೊಂದರಲ್ಲಿ ಅವರು ಮುಂದಿಟ್ಟ ಕರೆಯ ತಾತ್ಪರ್ಯವಿಷ್ಟು: ನಮ್ಮಿಂದ ಹಿಂಸೆ ಅನುಭವಿಸಿದ ಜನರೇ, ನಿಮ್ಮ ನೆಲದಲ್ಲಿ ನಮ್ಮ ಕೈಯಿಂದ, ನಮ್ಮ ಹಣದಿಂದ ಏನಾದರೂ ಒಳ್ಳೆಯದನ್ನು ಮಾಡಲು ಅನುಮತಿ ಕೊಡಿ. ಸಹಾಯ ಮಾಡಲು ಹೊರಟವನೇ ಅನುಮತಿ ಬೇಡಿದ್ದನ್ನು ಗಮನಿಸಬೇಕು. ಹೀಗೆ ಹೊರಟ ಜರ್ಮನ್ ಯುವಕರು ನಾರ್ವೆಗೂ ನೆದರ್ಲೆಂಡ್ಸಿಗೂ ಹೋದರು. 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದ ಇಂಗ್ಲೆಂಡಿನ ಕೊವೆಂಟ್ರಿ ಕೆಥೆಡ್ರಲ್‌ನ ಅವಶೇಷಗಳ ನಡುವೆಯೂ ಕೆಲಸ ಮಾಡಿದರು. ಯುದ್ಧದ ಹೊತ್ತಿಗೆ ಇನ್ನೂ ಮಕ್ಕಳಾಗಿದ್ದವರ ಮೇಲೆ ತಪ್ಪು ಹೊರಿಸಲು ಯಾರಿಗೂ ಸಾಧ್ಯವಿರಲಿಲ್ಲ. ತಪ್ಪು ತಮ್ಮದಲ್ಲದಿದ್ದರೂ ಬಾಕಿ ತಮ್ಮದೆಂದು ಅವರು ಭಾವಿಸಿದ್ದರು.

1980ರ ದಶಕದಲ್ಲಿ ಅಮೆರಿಕದ ಅನೇಕರು ನಿಕರಾಗುವಾಕ್ಕೆ ಹೋದದ್ದೂ ಇದೇ ಜಾಡಿನಲ್ಲಿ: ಅಲ್ಲಿ ಹಳ್ಳಿಗಳ ಮೇಲೆರಗುತ್ತಿದ್ದ ಕಾಂಟ್ರಾ ಎಂಬ ಬಂಡುಕೋರ ಪಡೆಗಳಿಗೆ ಹಣ ಒದಗಿಸುತ್ತಿದ್ದದ್ದು ಅವರದೇ ಸರ್ಕಾರ. ಅದೇ ಕಾಲದಲ್ಲಿ ಮಧ್ಯ ಅಮೆರಿಕದ ಇನ್ನೊಂದು ದೇಶ ಗ್ವಾಟೆಮಾಲಾದಲ್ಲಿ ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್ ಎಂಬ ಸ್ವಯಂಸೇವಕರ ಸಂಸ್ಥೆ ಕೆಲಸ ಆರಂಭಿಸಿತು. ಕಾಣೆಯಾದವರ ಕುಟುಂಬಗಳು ಅಲ್ಲಿ ಸಂಘಟನೆಯೊಂದನ್ನು ಕಟ್ಟಿಕೊಂಡಿದ್ದವು. 1985ರಲ್ಲಿ ಅದರ ಇಬ್ಬರು ಮುಖಂಡರು ಕೆಲವೇ ದಿನಗಳ ಅಂತರದಲ್ಲಿ ಕೊಲೆಯಾದರು. ಆ ಮೇಲೆ ಉಳಿದವರ ಜೊತೆ ವಿದೇಶಿ ಸ್ವಯಂಸೇವಕರು ಹಗಲಿರುಳೂ ಇರತೊಡಗಿದರು. ಕೆಲಸವೆಂದರೆ ಬಾಗಿಲ ಬಳಿ ಕಾಯುವುದು, ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವುದು, ಸಭೆ ಮುಗಿಯುವವರೆಗೆ ಹೊರಗೆ ನಿಲ್ಲುವುದು, ಏನಾದರೂ ಅನುಮಾನ ಬಂದರೆ ಕೂಡಲೇ ಹೊರಜಗತ್ತಿಗೆ ಸುದ್ದಿ ಮುಟ್ಟಿಸುವುದು. ಕೈಯಲ್ಲಿ ಆಯುಧವಿಲ್ಲ. ವಿದೇಶಿಯೊಬ್ಬರು ಸತ್ತರೆ ರಾಯಭಾರ ಕಚೇರಿಗಳು ಸುಮ್ಮನಿರುವುದಿಲ್ಲ ಎಂಬ ಕೊಲೆಗಾರರ ಲೆಕ್ಕಾಚಾರವೇ ಅವರಿಗಿದ್ದ ರಕ್ಷಣೆ.

ಇದರಲ್ಲಿ ಒಂದು ಅಸಹ್ಯವೂ ಅಡಗಿದೆ. ಒಬ್ಬರ ಪಾಸ್‌ಪೋರ್ಟಿಗೆ ಇನ್ನೊಬ್ಬರ ಜೀವಕ್ಕಿಂತ ಬೆಲೆ ಹೆಚ್ಚೆಂಬ ಅನ್ಯಾಯವನ್ನು ಬಳಸಿಕೊಂಡೇ ಈ ಕೆಲಸ ನಡೆಯುತ್ತದೆ. ತನಗೆ ಪುಕ್ಕಟೆ ಸಿಕ್ಕ ಬೆಲೆಯನ್ನು ಅದಿಲ್ಲದವರ ಪಕ್ಕದಲ್ಲಿ ತಂದಿಡುವುದು ಆ ಅನ್ಯಾಯವನ್ನು ಅಳಿಸುವುದಿಲ್ಲ. ಆದರೆ ಮನೆಯಲ್ಲಿ ಕೂತು ಅದಕ್ಕೆ ಮರುಗುವುದಕ್ಕಿಂತ ಪ್ರಾಮಾಣಿಕವಾದದ್ದು.

ನನ್ನ ವಾದಕ್ಕೆ ಒಗ್ಗದ ಉದಾಹರಣೆಯನ್ನೂ ಹೇಳಬೇಕು. 1993ರಲ್ಲಿ ಹಮಾಸ್ ಕೈಯಲ್ಲಿ ತಮ್ಮನನ್ನು ಕಳೆದುಕೊಂಡ ಇಸ್ರೇಲಿನ ಯುವಾಲ್ ರೋತ್, ಪ್ಯಾಲೆಸ್ಟೀನಿನ ರೋಗಿಗಳನ್ನು ಚೆಕ್‌ಪೋಸ್ಟಿನಿಂದ ಇಸ್ರೇಲಿ ಆಸ್ಪತ್ರೆಗಳಿಗೆ ತಮ್ಮ ಕಾರಿನಲ್ಲಿ ಕರೆದೊಯ್ಯತೊಡಗಿ, ಮುಂದೆ ಅದಕ್ಕಾಗಿ ಸ್ವಯಂಸೇವಕರ ದೊಡ್ಡ ಬಳಗವನ್ನೇ ಕಟ್ಟಿದರು. 2023ರ ಅಕ್ಟೋಬರ್ 7ರ ದಾಳಿಯಲ್ಲಿ ಆ ಬಳಗದವರೂ ಸತ್ತರು. ವಿವಿಯನ್ ಸಿಲ್ವರ್ ಅವರಲ್ಲೊಬ್ಬರು. ಆ ಮೇಲೂ ಪಶ್ಚಿಮ ದಂಡೆಯ ರೋಗಿಗಳಿಗಾಗಿ ಕಾರುಗಳು ಓಡಿದವು. ಪೆಟ್ಟು ತಿಂದವರೇ ಹೀಗೆ ಮುಂದೆ ಬರುವುದನ್ನು ನನ್ನ ಹೊಣೆಯ ಲೆಕ್ಕ ಪೂರ್ತಿ ವಿವರಿಸಲಾರದು.

ಇನ್ನು ಅನುಭವಪತ್ರಕ್ಕಾಗಿ, ದೇಶ ಸುತ್ತಲು, ಕೊಟ್ಟೆನೆಂಬ ನೆಮ್ಮದಿಗಾಗಿ ಬರುವವರಿದ್ದಾರೆ. ಇರಲಿ. ಕೊಡುವುದರಲ್ಲೇ ಸಿಗುವ ಆ ಬೆಚ್ಚನೆಯ ಸುಖವನ್ನು ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ 1990ರಲ್ಲೇ ಸಿದ್ಧಾಂತದ ಚೌಕಟ್ಟಿಗೆ ತಂದಿದ್ದಾರೆ. ಸುಖಪಟ್ಟು ಕೊಟ್ಟ ಹಣವೂ ಅಷ್ಟೇ ಸಲ್ಲುತ್ತದೆ. ನನ್ನ ತಕರಾರು ಎರಡು ವಾರ ಬಂದು, ಸ್ಥಳೀಯರ ಸಮಯ ತಿಂದು, ಫೋಟೊದೊಂದಿಗೆ ಮರಳುವವರ ಬಗ್ಗೆ ಮಾತ್ರ.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ನೀರಸವಾದದ್ದು. 2024ರಲ್ಲಿ ಜಗತ್ತು ಸೇನೆಗಳಿಗೆ ವೆಚ್ಚ ಮಾಡಿದ್ದು ಸುಮಾರು 2.7 ಲಕ್ಷ ಕೋಟಿ ಡಾಲರ್. ಅದರೆದುರು ನಮ್ಮ ದೇಣಿಗೆ ಏನೂ ಅಲ್ಲ. ಆದರೆ ಸಂಧಾನಕಾರರ ಸಂಬಳ, ಬಾಡಿಗೆ, ಫೋನ್ ಬಿಲ್ಲು, ದುಭಾಷಿಗಳ ಖರ್ಚಿಗೆ ದೊಡ್ಡ ಮೊತ್ತ ಬೇಕಿಲ್ಲ, ನಿಲ್ಲದೆ ಬರುವ ಮೊತ್ತ ಬೇಕು. ಇಂಥದಕ್ಕೇ ಬಳಸಿ ಎಂಬ ಷರತ್ತಿಲ್ಲದೆ, ಸುದ್ದಿಯಲ್ಲಿ ಆ ದೇಶದ ಹೆಸರೇ ಇಲ್ಲದ ತಿಂಗಳಲ್ಲೂ ಸ್ಥಳೀಯ ಸಂಘಟನೆಗಳಿಗೆ ಹಣ ಕಳಿಸುತ್ತಿರುವವರನ್ನೇ ನಾನು ಈ ಕೆಲಸದ ನಿಜವಾದ ದಾನಿಗಳೆಂದು ಎಣಿಸುತ್ತೇನೆ.